ಅತ್ತೆ ಬರೆದ ಆಕಾಶ

ಆ ಕಟ್ಟಡದೊಳಗೆ ಹಾಡಹಗಲೇ ಹಲವು ಸಲ ಸಂಜೆಯಾಗುತ್ತಿತ್ತು. ಹೊರಗೆ ಬೀದಿಯಲ್ಲಿ ಬಿಸಿಲು ಚುರುಗುಟ್ಟುತ್ತಿರುವಾಗಲೇ ಒಳಗೆ, ಬಿಳಿ ಗುಮ್ಮಟದ ಕೆಳಗೆ, ಒರಗುಕುರ್ಚಿಗಳಲ್ಲಿ ಮೈಚಾಚಿದವರ ತಲೆಯ ಮೇಲೆ ಸೂರ್ಯ ಮುಳುಗುತ್ತಿದ್ದ. ನಕ್ಷತ್ರಗಳು ಒಂದೊಂದಾಗಿ ಕಣ್ಣು ಬಿಡುತ್ತಿದ್ದವು. ಅಷ್ಟರಲ್ಲಿ ಮೂಲೆಯಿಂದ ಯಾರದೋ ಸಣ್ಣ ಗೊರಕೆ ಶುರುವಾಗುತ್ತಿತ್ತು. ತಾರಾಲಯದವರು ಅದಕ್ಕೆ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ನಿದ್ದೆ ಬಂತೆಂದರೆ ಕತ್ತಲು ಚೆನ್ನಾಗಿ ಮೂಡಿದೆ ಎಂದೇ ಅವರ ಲೆಕ್ಕ.

ಗುಮ್ಮಟದ ಬೆನ್ನಿಗೆ ಅಂಟಿಕೊಂಡಂತೆ ಉದ್ದನೆಯದೊಂದು ಕೋಣೆಯಿತ್ತು. ಅದರ ಒಂದು ಗೋಡೆ ಗುಮ್ಮಟದ್ದೇ ಆದ್ದರಿಂದ ಬಿಲ್ಲಿನ ಹಾಗೆ ಬಾಗಿತ್ತು. ಯಾವ ಬೀರುವನ್ನಿಟ್ಟರೂ ಹಿಂದೆ ಸಂದು ಬೀಳುತ್ತಿತ್ತು. ಆ ಸಂದಿನೊಳಗೆ ವರ್ಷಗಟ್ಟಲೆಯ ಪೆನ್ನುಗಳು, ಒಂದು ಕೊಡೆ, ಯಾರೂ ತಮ್ಮದೆಂದು ಒಪ್ಪಿಕೊಳ್ಳದ ಒಂಟಿ ಚಪ್ಪಲಿ ಎಲ್ಲವೂ ಸೇರಿಹೋಗಿದ್ದವು. ಆಕಾಶವನ್ನು ನಡೆಸುವ ಪ್ರೋಗ್ರಾಂ ಬರೆಯುವವರು ಕೂರುತ್ತಿದ್ದದ್ದು ಆ ಕೋಣೆಯಲ್ಲಿ.

ಅವರಲ್ಲೊಬ್ಬಳನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಸೊಸೆ’ ಎಂದೇ. ಟಿಕೆಟ್ ಕೊಡುವವನೂ, ನೆಲ ಒರೆಸುವವಳೂ, ಕೊನೆಗೆ ನಿರ್ದೇಶಕಿಯೂ. ಅದಕ್ಕೆ ಕಾರಣವಿತ್ತು. ಆ ಆಕಾಶದ ಪ್ರೋಗ್ರಾಮಿನ ಮೊದಲ ಸಾಲಿನಿಂದ ಹಿಡಿದು ಅರ್ಧಕ್ಕಿಂತ ಹೆಚ್ಚನ್ನು ಬರೆದದ್ದು ಅವಳ ಅತ್ತೆ. ಇವಳು ಕಾಲೇಜು ಮುಗಿಸಿ ಆಕೆಯ ಕೈಕೆಳಗೆ ಕೆಲಸಕ್ಕೆ ಬಂದವಳು, ಊಟದ ಡಬ್ಬಿ ಕೊಡಲು ಬರುತ್ತಿದ್ದ ಆಕೆಯ ಮಗನ ಜೊತೆ ಮಾತಿಗೆ ಮಾತು ಬೆಳೆದು, ಅವನನ್ನೇ ಮದುವೆಯಾಗಿದ್ದಳು. “ಕೆಲಸಕ್ಕೆ ಸೇರ್ಕೋ ಅಂದ್ರೆ ಮನೆಗೇ ಸೇರ್ಕೊಂಡ್ಲು” ಎಂದು ಅತ್ತೆ ಆಗ ಊರಿಗೆಲ್ಲ ಹೇಳಿಕೊಂಡು ನಕ್ಕಿದ್ದರು. ಹೆಸರು ಅಂಟಿದ್ದು ಆವತ್ತೇ.

ಈಗ ಅತ್ತೆ ನಿವೃತ್ತರಾಗಿ ಮನೆಯಲ್ಲಿದ್ದರು. ಕಣ್ಣು ಕೈಕೊಟ್ಟಿತ್ತು. ಪೂರ್ತಿ ಕುರುಡಲ್ಲ, ನೋಟದ ನಟ್ಟನಡುವೆ ಮಾತ್ರ ಯಾರೋ ಬೂದಿ ಎರಚಿದಂತೆ. ನೇರ ನೋಡಿದ್ದು ಮಾಯ, ಪಕ್ಕದಲ್ಲಿದ್ದದ್ದು ಮಬ್ಬು ಮಬ್ಬು. ವೈದ್ಯರು ಇನ್ನು ಇಷ್ಟೇ ಎಂದು ಕೈಚೆಲ್ಲಿದ ದಿನ ಅತ್ತೆ ಆಸ್ಪತ್ರೆಯ ಮೆಟ್ಟಿಲಿಳಿಯುತ್ತ, “ಮಂಕು ನಕ್ಷತ್ರ ನೋಡ್ಬೇಕಾದ್ರೆ ಓರೆಗಣ್ಣಲ್ಲೇ ನೋಡ್ಬೇಕು ಅಂತ ಎಷ್ಟು ಜನಕ್ಕೆ ಹೇಳ್ಕೊಟ್ಟಿದೀನಿ. ಈಗ ನಿನ್ನ ಮುಖಾನೂ ಹಾಗೇ ನೋಡ್ಬೇಕು” ಎಂದಿದ್ದರು. ಸೊಸೆ ನಗಬೇಕೋ ಅಳಬೇಕೋ ತಿಳಿಯದೆ ಅವರ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಿದ್ದಳು.

ಅತ್ತೆ ನಿವೃತ್ತರಾದ ಮೇಲೆ ಕೋಣೆಯಲ್ಲಿ ಉಳಿದವರು ಸೊಸೆಯ ಜೊತೆ ಇಬ್ಬರು. ಗ್ರಹಗಳ ಚಲನೆ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು, ಬೆಳಕು ಬಣ್ಣ ನೋಡಿಕೊಳ್ಳುತ್ತಿದ್ದ ಕಿರಿಯನೊಬ್ಬ. ಅವರ ಅಡ್ಡಹೆಸರು ಕೇಳಿದರೆ ಅವರ ಕೈಬರಹ ಗೊತ್ತಾಗುತ್ತಿತ್ತು. ಹಿರಿಯರು ಬಿಗಿ. ಅಕ್ಷರ, ಅಂಕಿ, ಚಿಹ್ನೆ ಎಲ್ಲವನ್ನೂ ಒಂದಕ್ಕೊಂದು ಒತ್ತರಿಸಿ, ಇಡೀ ಲೆಕ್ಕವನ್ನು ಒಂದೇ ಸಾಲಿಗೆ ತುರುಕುತ್ತಿದ್ದರು. ಕಿರಿಯವನು ಸಡಿಲ. ಒಂದು ಆವರಣ ಚಿಹ್ನೆಗೆ ಒಂದಿಡೀ ಸಾಲು ಕೊಟ್ಟು, ಅದರ ಮೇಲೊಂದು ಕೆಳಗೊಂದು ಖಾಲಿ ಸಾಲು ಬಿಟ್ಟು ಬರೆಯುತ್ತಿದ್ದ.

“ಇವನ ಕೋಡ್ ಈ ತುದಿಯಿಂದ ಆ ತುದಿಗೆ ಓದ್ಬೇಕು ಅಂದ್ರೆ ಬಸ್ ಹಿಡೀಬೇಕು” ಎನ್ನುತ್ತಿದ್ದರು ಬಿಗಿ.

“ಇವರ ಕೋಡಲ್ಲಿ ಉಸಿರು ಬಿಡೋಕೂ ಜಾಗ ಇಲ್ಲ ಸೊಸೆ, ನೀವೇ ನೋಡಿ” ಎನ್ನುತ್ತಿದ್ದ ಸಡಿಲ.

ಮಾತಿನಲ್ಲೇ ಮುಗಿದಿದ್ದರೆ ಚೆಂದವಿತ್ತು. ಆದರೆ ಒಬ್ಬರ ಫೈಲನ್ನು ಇನ್ನೊಬ್ಬರು ತೆರೆದರೆ ಮೊದಲು ಮಾಡುತ್ತಿದ್ದ ಕೆಲಸ ಅದನ್ನು ತಮ್ಮ ರುಚಿಗೆ ತಿದ್ದಿಕೊಳ್ಳುವುದು. ಇವರು ಒತ್ತರಿಸಿದ್ದನ್ನು ಅವನು ಹರಡುತ್ತಿದ್ದ. ಅವನು ಹರಡಿದ್ದನ್ನು ಇವರು ಮಡಚಿಡುತ್ತಿದ್ದರು. ಯಾರು ಏನು ಬದಲಿಸಿದರೆಂದು ತೋರಿಸುವ ಪರದೆಯಲ್ಲಿ ಹಳೆಯದು ಕೆಂಪು, ಹೊಸದು ಹಸಿರು. ಆ ಪರದೆ ದಿನವೂ ಮೇಲಿಂದ ಕೆಳಗಿನವರೆಗೆ ಕೆಂಪು-ಹಸಿರು ಕಾರಿಕೊಂಡು ಕೂತಿರುತ್ತಿತ್ತು. ಅದರಲ್ಲಿ ನಿಜವಾಗಿ ಬದಲಾದದ್ದು ಯಾವುದು, ಬರೀ ಜಾಗ ಬದಲಿಸಿದ್ದು ಯಾವುದು ಎಂದು ಹುಡುಕುವ ತಾಳ್ಮೆ ಯಾರಿಗೂ ಇರಲಿಲ್ಲ.

ಹಾಗಿರುವಾಗ ಒಂದು ಬೆಳಗ್ಗೆ ಶಾಲೆಯ ಮಕ್ಕಳ ಪ್ರದರ್ಶನ. ಸೊಸೆ ಗುಮ್ಮಟದ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ನಿರೂಪಕಿ ತನ್ನ ಜೇನಿನಂಥ ದನಿಯಲ್ಲಿ, “ಈಗ ಎಲ್ಲರೂ ಪೂರ್ವದ ಕಡೆ ನೋಡಿ, ಹುಣ್ಣಿಮೆ ಚಂದ್ರ ಮೆಲ್ಲನೆ ಮೇಲೆ ಬರ್ತಾನೆ” ಎಂದಳು. ಮಕ್ಕಳೆಲ್ಲ ಪೂರ್ವಕ್ಕೆ ಕತ್ತು ತಿರುಗಿಸಿದರು. ಪೂರ್ವ ಖಾಲಿ. ನಿರೂಪಕಿ ಇನ್ನೊಂದು ಸಲ, ಇನ್ನೂ ಮೆಲ್ಲಗೆ, “ಬರ್ತಾನೆ…” ಎಂದಳು. ಆಗ ಹಿಂದಿನ ಸಾಲಿನಿಂದ ಪುಟ್ಟ ಹುಡುಗಿಯೊಬ್ಬಳ ದನಿ: “ಮಿಸ್, ಅವನು ಹಿಂದ್ಗಡೆಯಿಂದ ಬಂದ್ಬಿಟ್ಟ!”

ಇಡೀ ಗುಮ್ಮಟ ಗೊಳ್ಳೆಂದಿತು. ಪಶ್ಚಿಮದಲ್ಲಿ ಚಂದ್ರ ತನ್ನ ಪಾಡಿಗೆ ತಾನು, ಏನೂ ತಪ್ಪು ಮಾಡದವನಂತೆ, ದುಂಡಗೆ ಏರುತ್ತಿದ್ದ. ನಗು ಕಡಿಮೆಯಾದ ಮೇಲೆ ಸೊಸೆಗೆ ಒಂದು ಕ್ಷಣ ಏನೋ ಆಯಿತು. ತಪ್ಪು ದಿಕ್ಕಿನಿಂದ ಬಂದ ಆ ಬೆಳದಿಂಗಳಲ್ಲಿ ಮಕ್ಕಳ ಮುಖಗಳು, ಕುರ್ಚಿಗಳು, ತನ್ನ ಕೈಬೆರಳುಗಳು ಎಲ್ಲವೂ ಬೇರೆ ಯಾವುದೋ ಲೋಕದವು ಅನ್ನಿಸಿತು. ನಿರ್ದೇಶಕಿ ಬಂದು ಭುಜ ತಟ್ಟಿದಾಗಲೇ ಎಚ್ಚರವಾದದ್ದು.

ಸಾಲುಗಳನ್ನು ಹರಡುವಾಗಲೋ ಮಡಚುವಾಗಲೋ ಒಂದು ಮೈನಸ್ ಚಿಹ್ನೆ ಬಿದ್ದುಹೋಗಿತ್ತು. ಒಂದು ಅಡ್ಡಗೆರೆ, ಅಷ್ಟೇ. ಅದನ್ನು ಹುಡುಕಲು ಸೊಸೆಗೆ ಆ ಮಧ್ಯಾಹ್ನವೆಲ್ಲ ಹಿಡಿಯಿತು. ಬಿಗಿ ಸಡಿಲನನ್ನು ನೋಡಿದರು, ಸಡಿಲ ಬಿಗಿಯನ್ನು ನೋಡಿದ. ಯಾರ ಕೈಯಿಂದ ಬಿತ್ತೋ ಇಬ್ಬರಿಗೂ ಗೊತ್ತಿರಲಿಲ್ಲ.

ನಿರ್ದೇಶಕಿ ಬೈಯಲಿಲ್ಲ. “ಇನ್ಮೇಲೆ ಯಾರೂ ಕೈಯಿಂದ ಸಾಲು ಜೋಡಿಸೋ ಹಾಗಿಲ್ಲ. ಅದಕ್ಕೆ ಅಂತ ಒಂದು ಟೂಲ್ ಇರತ್ತಂತಲ್ಲ, ಅದನ್ನ ತನ್ನಿ. ಸೊಸೆ, ನೀವೇ ಮಾಡಿ. ಈ ಇಬ್ಬರ ಮಧ್ಯ ಏಗೋ ಶಕ್ತಿ ಇನ್ಯಾರಿಗೂ ಇಲ್ಲ” ಎಂದರು.

ಟೂಲ್ ಇತ್ತು. ಫಾರ್ಮ್ಯಾಟರ್ ಎನ್ನುತ್ತಾರೆ. ಗುಂಡಿಗಳಿಲ್ಲ, ಚಿತ್ರಗಳಿಲ್ಲ; ಕಪ್ಪು ಕಿಟಕಿಯಲ್ಲಿ ಅದರ ಹೆಸರು ಟೈಪ್ ಮಾಡಿ, ಯಾವ ಫೋಲ್ಡರ್ ಎಂದು ಹೇಳಿ, ಎಂಟರ್ ಒತ್ತಿದರೆ ಮುಗಿಯಿತು. ಅದು ಒಂದೊಂದೇ ಫೈಲಿನೊಳಗೆ ಹೊಕ್ಕು ಎಲ್ಲಿ ಜಾಗ ಬಿಡಬೇಕು, ಎಲ್ಲಿ ಸಾಲು ಮುರಿಯಬೇಕು, ಆವರಣ ಎಲ್ಲಿ ತೆರೆಯಬೇಕು ಎಂಬುದನ್ನೆಲ್ಲ ಒಂದೇ ನಿಯಮಕ್ಕೆ ತರುತ್ತಿತ್ತು. ಅರ್ಥವನ್ನು ಮುಟ್ಟುತ್ತಿರಲಿಲ್ಲ. ಏನನ್ನೂ ಬದಲಿಸದೆ ಬರೀ ಪರೀಕ್ಷೆ ಮಾಡು ಎಂದರೆ ಹಾಗೂ ಮಾಡುತ್ತಿತ್ತು. ಸೊಸೆ ಮೊದಲು ಹಾಗೆ ಕೇಳಿದಳು. ಕಪ್ಪು ಕಿಟಕಿಯಲ್ಲಿ ಫೈಲುಗಳ ಹೆಸರುಗಳು ಜಾರತೊಡಗಿದವು: ಸೂರ್ಯ, ಚಂದ್ರ, ಗ್ರಹಣ, ಧೂಮಕೇತು, ಋತು, ಸಂಜೆ. ಒಂದೇ ಒಂದೂ ನೆಟ್ಟಗಿರಲಿಲ್ಲ. ಇಡೀ ಆಕಾಶವೇ ಕೆದರಿದ ತಲೆಯಲ್ಲಿ ಕೂತಿದ್ದ ಹಾಗಿತ್ತು.

ಅವಳಿಗೆ ನಗು ಬಂತು. ಆಮೇಲೆ ರಾಶಿಗಳ ಫೈಲನ್ನು ತೆರೆದಾಗ ಆ ನಗು ಅಲ್ಲೇ ನಿಂತಿತು.

ಅದು ಪೂರ್ತಿ ಅತ್ತೆಯ ಕೈಬರಹ. ಸಮ ಚಿಹ್ನೆಗಳೆಲ್ಲ ಒಂದರ ಕೆಳಗೊಂದು, ನೂಲು ಹಿಡಿದು ಜೋಡಿಸಿದಂತೆ. ಫೈಲಿನ ನಡುವೆ ವೃಶ್ಚಿಕ ರಾಶಿ. ಆ ನಕ್ಷತ್ರಗಳ ಅಂಕಿಗಳನ್ನು ಅತ್ತೆ ಪಟ್ಟಿಯಾಗಿ ಬರೆದಿರಲಿಲ್ಲ. ಪ್ರತಿ ಅಂಕಿಯ ಮುಂದೆ ಬೇಕಾದಷ್ಟು ಖಾಲಿ ಜಾಗ ಬಿಟ್ಟು, ಸಾಲು ಸಾಲಾಗಿ ಸರಿಸಿ, ಚೇಳಿನ ಆಕಾರದಲ್ಲೇ ಕೂರಿಸಿದ್ದರು. ಮೇಲೆ ಇಕ್ಕಳದಂಥ ಕೈಗಳು, ನಡುವೆ ಮೈ, ಕೆಳಗೆ ಸುರುಳಿ ಸುತ್ತಿದ ಬಾಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅತ್ತೆ ಅವಳನ್ನು ಪಕ್ಕ ಕೂರಿಸಿಕೊಂಡು, “ಕಣ್ಣು ಸ್ವಲ್ಪ ಕಿರಿದು ಮಾಡು, ಅಂಕಿ ಓದ್ಬೇಡ, ಸುಮ್ನೆ ನೋಡು” ಎಂದಿದ್ದರು. ಸೊಸೆ ನೋಡಿದ್ದಳು. ಬಿಳಿ ಪರದೆಯ ಆಳದಿಂದ ಚೇಳು ಎದ್ದು ಬಂದಿತ್ತು. ಈ ಕೆಲಸವನ್ನು ಬಿಡಬಾರದು ಎಂದು ಅವಳಿಗೆ ಅನ್ನಿಸಿದ್ದು ಆವತ್ತು.

ಫಾರ್ಮ್ಯಾಟರಿಗೆ ಚೇಳೂ ಒಂದೇ, ದಿನಸಿ ಪಟ್ಟಿಯೂ ಒಂದೇ. ಹಾಗೇ ಓಡಿಸಿದರೆ ಬಾಲ ನೆಟ್ಟಗಾಗಿ ಎಡ ಅಂಚಿಗೆ ಅಂಟಿಕೊಳ್ಳುತ್ತಿತ್ತು. ಸೊಸೆ ಹುಡುಕಿ ಒಂದು ದಾರಿ ಕಂಡುಕೊಂಡಳು. ‘ಇಲ್ಲಿಂದ ಮುಟ್ಟಬೇಡ’ ಎಂಬ ಗುರುತು ಮೇಲೆ, ‘ಇನ್ನು ಮುಟ್ಟಬಹುದು’ ಎಂಬ ಗುರುತು ಕೆಳಗೆ. ಅವೆರಡರ ನಡುವಿನದನ್ನು ಯಂತ್ರ ಬಿಟ್ಟು ಮುಂದೆ ಹೋಗುತ್ತದೆ. ಚೇಳನ್ನು ಹಾಗೆ ಕಾಪಾಡಿದಳು. ಉಳಿದದ್ದಕ್ಕೆ ಏನು ಮಾಡುವುದು? ಸಾಲನ್ನು ಒಳಸರಿಸಲು ಒಂದೇ ನೆಗೆತದ ಟ್ಯಾಬೋ ಒಂದೊಂದೇ ಸ್ಪೇಸೋ, ಸಾಲು ಎಷ್ಟು ಉದ್ದವಿರಬೇಕು, ಎಲ್ಲವನ್ನೂ ತೀರ್ಮಾನಿಸಿ ಬರೆಯಬೇಕಿತ್ತು. ಬಿಗಿ ಬಂದು, “ಒಳಸರಿಯೋಕೆ ಎರಡೇ ಸ್ಪೇಸ್ ಸಾಕು, ಆಕಾಶ ಅಂತ ಜಾಗ ದಂಡ ಮಾಡೋದಲ್ಲ” ಎಂದು ಹೇಳಿ ಹೋದರು. ಸಡಿಲ ಬಂದು, “ಎಂಟಾದ್ರೂ ಬೇಕು ಸೊಸೆ, ನನ್ನ ಕನ್ನಡಕ ನೋಡಿ ಎಷ್ಟು ದಪ್ಪ ಇದೆ” ಎಂದ. ಇಬ್ಬರಿಗೂ ಹೂಂ ಎಂದು ಅವಳು ಮನೆಗೆ ಬಂದಳು.

ಅತ್ತೆಗೆ ಹೇಳಬಾರದು ಎಂದುಕೊಂಡಿದ್ದಳು. ಕಣ್ಣಿದ್ದಾಗ ಕಟ್ಟಿದ್ದನ್ನು ಕಣ್ಣು ಹೋದ ಮೇಲೆ ಸೊಸೆ ಕೈಹಾಕಿ ಕೆಡವಿದಳು ಎಂದು ಅನ್ನಿಸಿಬಿಟ್ಟರೆ? ಆದರೆ ಗಂಡನ ಬಾಯಿಗೆ ಬೀಗ ಹಾಕುವವರು ಯಾರು. ಅವನದು ಕೃತಕ ಹಲ್ಲು ಮಾಡುವ ಕೆಲಸ. ಊರವರ ಬಾಯಿಯ ಅಳತೆ ಗೊತ್ತಿದ್ದರೂ ತನ್ನ ಬಾಯಿಯದು ಗೊತ್ತಿರಲಿಲ್ಲ. ಊಟಕ್ಕೆ ಕೂತಾಗ ತುತ್ತು ನುಂಗುವ ಮೊದಲೇ, “ಅಮ್ಮ, ನಿನ್ನ ಆಕಾಶಾನ ಇವಳು ಗುಡಿಸಿ ಒರೆಸಿ ಇಡ್ತಾಳಂತೆ” ಎಂದುಬಿಟ್ಟ.

ಅತ್ತೆಯ ಕೈ ತಟ್ಟೆಯ ಮೇಲೆ ನಿಂತಿತು. “ಏನು ಮಾಡ್ತಾಳೆ?”

“ಅದೇ, ಸಾಲೆಲ್ಲ ನೆಟ್ಟಗೆ ಮಾಡೋ ಮೆಷಿನ್ ಓಡಿಸ್ತಾಳಂತೆ. ಯಾರು ಬರೆದಿದ್ದು ಅಂತಾನೂ ಗೊತ್ತಾಗಲ್ವಂತೆ ಆಮೇಲೆ.”

ಅತ್ತೆ ಊಟ ಮುಗಿಸಿ, ಕೈತೊಳೆದು, ಗೋಡೆ ಸವರಿಕೊಂಡು ತಮ್ಮ ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿಕೊಂಡರು. ಸೊಸೆ ಗಂಡನನ್ನು ನೋಡಿದ ನೋಟಕ್ಕೆ ಅವನು ತಾನಾಗಿಯೇ ಎದ್ದು ಪಾತ್ರೆ ತೊಳೆಯಲು ಹೋದ.

ಅವಳು ಅತ್ತೆಯ ಬಾಗಿಲ ಬಳಿ ಹೋಗಿ ನಿಂತಳು. ಒಳಗಿನಿಂದ ಬೇರೆ ಯಾರದೋ ದನಿ ಬರುತ್ತಿತ್ತು. ಏರಿಲ್ಲ, ಇಳಿವಿಲ್ಲ, ದಣಿವೂ ಇಲ್ಲದ ದನಿ. ‘ಏಳು ಸ್ಪೇಸ್. ಒಂದು ಟ್ಯಾಬ್. ಮೂರು ಸ್ಪೇಸ್. ಬೆಳಕು. ಹನ್ನೊಂದು ಸ್ಪೇಸ್. ಸಮ. ಹದಿನಾಲ್ಕು ಸ್ಪೇಸ್…’ ಪರದೆಯ ಮೇಲಿದ್ದದ್ದನ್ನು ಗಟ್ಟಿಯಾಗಿ ಓದುವ ಯಂತ್ರ ಅದು. ಕಣ್ಣು ಮಬ್ಬಾದಾಗ ಮಗನೇ ತಂದು ಹಾಕಿಕೊಟ್ಟಿದ್ದ. ಸುದ್ದಿ ಕೇಳಲು ಬಳಸುತ್ತಾರೆ ಎಂದೇ ಮನೆಯವರೆಲ್ಲ ತಿಳಿದಿದ್ದರು.

“ಒಳಗೆ ಬಾ, ಬಾಗಿಲಲ್ಲಿ ಕಂಬದ ಹಾಗೆ ನಿಲ್ಬೇಡ” ಎಂದರು ಅತ್ತೆ.

ಸೊಸೆ ಒಳಗೆ ಹೋಗಿ ಮಂಚದ ಅಂಚಿನಲ್ಲಿ ಕೂತಳು. ಪರದೆಯ ಮೇಲೆ ಆಕಾಶದ ಪ್ರೋಗ್ರಾಂ ಇತ್ತು. ನಿವೃತ್ತಿಯಾಗುವಾಗ ಕೇಳಿ ತಂದುಕೊಂಡಿದ್ದ ಪ್ರತಿ.

“ದಿನಾ ಕೇಳೋಕೆ ಕೂರ್ತೀನಿ ಕಣೆ. ಒಂದು ಪುಟ ದಾಟಲ್ಲ” ಎಂದರು ಅತ್ತೆ. “ಹನ್ನೊಂದು ಸ್ಪೇಸ್, ಹದಿನಾಲ್ಕು ಸ್ಪೇಸ್ ಅಂತ ಎಣಿಸೋದ್ರಲ್ಲಿ ಲೆಕ್ಕ ಏನಿತ್ತು ಅಂತಾನೇ ಮರ್ತುಹೋಗತ್ತೆ. ಅದನ್ನ ಓದ್ಬೇಡ ಅಂತ ಬಾಯಿ ಮುಚ್ಸಿದ್ರೆ, ಯಾವುದರ ಒಳಗೆ ಯಾವುದಿದೆ ಅಂತ ಗೊತ್ತಾಗಲ್ಲ. ಕಣ್ಣಿಗೆ ಅಂದ ಅಂತ ಬರೆದಿದ್ದು ಅದೆಲ್ಲ. ಈಗ ಕಿವೀಲಿ ಮರಳು ಸುರಿದ ಹಾಗಾಗತ್ತೆ. ನಾನು ಬರೆದಿದ್ದು ನನಗೇ ಅರ್ಥ ಆಗಲ್ಲ, ಬೇರೆಯವರ ಮನೆಗೆ ಕತ್ತಲಲ್ಲಿ ನುಗ್ಗಿದ ಹಾಗೆ.”

ಸೊಸೆ ಕೈಚಾಚಿ ಓದುವ ಯಂತ್ರದ ದನಿ ತಗ್ಗಿಸಿದಳು.

“ನಿನ್ನ ಮೆಷಿನ್ನು ಏನೇನು ಮಾಡತ್ತೆ, ಹೇಳು.”

ಸೊಸೆ ಹೇಳಿದಳು. ಅತ್ತೆ ತಲೆ ಓರೆ ಮಾಡಿ, ಕಣ್ಣುಮುಚ್ಚಿ ಕೇಳಿದರು. “ಸ್ಪೇಸ್ ಬೇಡ, ಟ್ಯಾಬ್ ಹಾಕ್ಸು” ಎಂದರು ಕೊನೆಗೆ. “ಒಂದು ಮೆಟ್ಟಿಲಿಗೆ ಒಂದು ಟ್ಯಾಬ್. ಎರಡು ಸಲ ಟ್ಯಾಬ್ ಅಂತು ಅಂದ್ರೆ ಎರಡು ಮೆಟ್ಟಿಲು ಒಳಗಿದೀನಿ ಅಂತ ಗೊತ್ತಾಗತ್ತೆ. ಸಾಲು ಚಿಕ್ಕದಿರಲಿ, ಒಂದೇ ಉಸಿರಲ್ಲಿ ಮುಗಿಯೋ ಹಾಗೆ. ಸಮ ಚಿಹ್ನೆ ಎಲ್ಲಾ ಒಂದರ ಕೆಳಗೊಂದು ನಿಲ್ಸೋದು ಬಿಟ್ಬಿಡು. ಪರೇಡ್ ಮಾಡ್ಸಿದ್ದು ಸಾಕು.”

ಹೀಗೆ ಟ್ಯಾಬೋ ಸ್ಪೇಸೋ ಎಂಬ ಜಗಳ ಮಂಚದ ಮೇಲೆ ತೀರ್ಮಾನವಾಯಿತು. ಮರುದಿನ ಸೊಸೆ ಆಫೀಸಿನಲ್ಲಿ ವಿಷಯ ಹೇಳಿದಳು. ಟ್ಯಾಬ್ ಎಂದರೆ ಎಷ್ಟು ಅಗಲ ಕಾಣಬೇಕೆಂದು ಅವರವರ ಪರದೆಯಲ್ಲಿ ಅವರವರೇ ಇಟ್ಟುಕೊಳ್ಳಬಹುದು, ಫೈಲು ಮಾತ್ರ ಒಂದೇ ಎಂದು ಗೊತ್ತಾದಾಗ ಬಿಗಿ ಎರಡಕ್ಕೆ ಇಳಿಸಿಕೊಂಡರು, ಸಡಿಲ ಎಂಟಕ್ಕೆ ಏರಿಸಿಕೊಂಡ. ಇಷ್ಟು ದಿನ ಯಾಕೆ ಬಡಿದಾಡಿದೆವು ಎಂದು ಇಬ್ಬರಿಗೂ ಒಳಗೊಳಗೇ ಅನ್ನಿಸಿರಬೇಕು. ಬಿಗಿ ಎದ್ದು ಹೋಗಿ ಸಡಿಲನಿಗೂ ಒಂದು ಲೋಟ ಚಹಾ ತಂದಿಟ್ಟರು.

ಫಾರ್ಮ್ಯಾಟರನ್ನು ಓಡಿಸಿದ್ದು ಒಂದು ಮಧ್ಯಾಹ್ನ, ಇಬ್ಬರೂ ಊಟಕ್ಕೆ ಹೋಗಿದ್ದಾಗ. ಮೊದಲು ಸೊಸೆ ಒಂದು ರಾತ್ರಿಯ ಆಕಾಶವನ್ನು ಸಂಜೆಯಿಂದ ಮುಂಜಾವಿನವರೆಗೆ ಚಿತ್ರಗಳಾಗಿ ತೆಗೆದಿಟ್ಟುಕೊಂಡಳು. ಆಮೇಲೆ ಕಪ್ಪು ಕಿಟಕಿಯಲ್ಲಿ ಆಜ್ಞೆ ಬರೆದು, ಒಂದು ಸಲ ಉಸಿರೆಳೆದುಕೊಂಡು, ಎಂಟರ್ ಒತ್ತಿದಳು.

ಕಣ್ಣು ಮಿಟುಕಿಸುವಷ್ಟೂ ಹೊತ್ತಾಗಲಿಲ್ಲ. ಸದ್ದಿಲ್ಲ, ಸುಳಿವಿಲ್ಲ. ಎಷ್ಟೋ ಕೈಗಳು ಎಷ್ಟೋ ವರ್ಷ ಕೂತು ಬರೆದದ್ದು ಒಂದೇ ಕೈಯಲ್ಲಿ ಬರೆದಂತಾಗಿತ್ತು. ಮತ್ತೆ ಅದೇ ರಾತ್ರಿಯ ಚಿತ್ರಗಳನ್ನು ತೆಗೆದು ಹಳೆಯವುಗಳ ಮೇಲಿಟ್ಟು ಹೋಲಿಸಿದಳು. ಒಂದು ಚುಕ್ಕೆಯೂ ಕದಲಿರಲಿಲ್ಲ.

ಅವಳು ಫೈಲುಗಳನ್ನು ಒಂದಾದ ಮೇಲೊಂದು ತೆರೆದು ಸುಮ್ಮನೆ ನೋಡುತ್ತ ಹೋದಳು. ಹುಟ್ಟಿ ಬೆಳೆದ ಬೀದಿಗೆ ಎಷ್ಟೋ ದಿನದ ಮೇಲೆ ಬಂದರೆ ಎಲ್ಲ ಮನೆಗಳಿಗೂ ಒಂದೇ ಬಣ್ಣ ಬಳಿದಿದ್ದಂತೆ. ಬಾಗಿಲುಗಳು ಅವೇ, ಒಳಗಿನವರೂ ಅವರೇ, ಆದರೂ ಯಾರ ಮನೆ ಯಾವುದೆಂದು ಹೊರಗಿನಿಂದ ತಿಳಿಯದು. ಕಾಲು ತಾನಾಗಿಯೇ ಎದ್ದು ಅವಳನ್ನು ಖಾಲಿ ಗುಮ್ಮಟಕ್ಕೆ ಕರೆದುಕೊಂಡು ಹೋಯಿತು. ಹೊಸ ಪ್ರೋಗ್ರಾಂ ಚಾಲೂ ಮಾಡಿ ನಡುವಿನ ಕುರ್ಚಿಯಲ್ಲಿ ಒರಗಿದಳು. ಕತ್ತಲಾಯಿತು. ನಕ್ಷತ್ರಗಳು ಬಂದವು. ಅವಕ್ಕೆ ಏನೂ ಗೊತ್ತೇ ಇರಲಿಲ್ಲ. ತಮ್ಮನ್ನು ಬರೆದ ಸಾಲು ಓರೆಯಿತ್ತೋ ನೇರವಿತ್ತೋ ಅವಕ್ಕೇನು. ಕುರ್ಚಿ ಮೆಲ್ಲನೆ ನೆಲ ಬಿಟ್ಟು ಏಳುತ್ತಿದೆ ಅನ್ನಿಸಿತು. ಗೋಡೆ ಕರಗಿ, ಕೋಣೆ ಕರಗಿ, ಅವಳೊಬ್ಬಳೇ ನೀರಿನ ಮೇಲೆ ಬೆನ್ನು ಹಾಕಿ ತೇಲುತ್ತಿದ್ದ ಹಾಗೆ. ಎಷ್ಟು ಹೊತ್ತು ಹಾಗಿದ್ದಳೋ. ನೆಲ ಒರೆಸುವವಳು ಬಕೆಟ್ ಸದ್ದು ಮಾಡಿ, “ಸೊಸೆ, ಬೆಳಗಾಯ್ತು ಏಳಿ” ಎಂದು ದೀಪ ಹಾಕಿದಾಗ ಕಣ್ಣಲ್ಲಿ ನೀರು ಬಂದಿತ್ತು. ಬೆಳಕಿಗಿರಬೇಕು ಎಂದುಕೊಂಡಳು.

ಸಂಜೆ ಮನೆಗೆ ಬಂದು ಹೊಸ ಪ್ರತಿಯನ್ನೂ ಫಾರ್ಮ್ಯಾಟರನ್ನೂ ಅತ್ತೆಯ ಕಂಪ್ಯೂಟರಿಗೆ ಹಾಕಿಕೊಟ್ಟಳು. ಯಂತ್ರ ಓದತೊಡಗಿತು. ‘ಟ್ಯಾಬ್. ಬೆಳಕು ಸಮ ಎತ್ತರ. ಟ್ಯಾಬ್, ಟ್ಯಾಬ್. ಎತ್ತರ ಕಡಿಮೆಯಾದರೆ…’ ಅತ್ತೆಯ ಬೆರಳುಗಳು ಮಡಿಲಲ್ಲಿ ತಾವಾಗಿಯೇ ಅಲುಗತೊಡಗಿದವು, ಒಳಗೆ ಹೋದಾಗ ಮೇಲೆ, ಹೊರಗೆ ಬಂದಾಗ ಕೆಳಗೆ. “ಹ್ಞಾ,” ಎಂದರು ಒಮ್ಮೆ. ಇನ್ನೊಮ್ಮೆ, “ಅಯ್ಯೋ, ಇಷ್ಟು ಪೆದ್ದಾಗಿ ಬರೆದಿದ್ನಾ ಇದನ್ನ?” ಎಂದು ನಕ್ಕರು. ಸೊಸೆ ಕೂತಲ್ಲೇ ಕೂತು ಕೇಳಿದಳು. ಅತ್ತೆಯ ಮುಖ ಪುಟ ತಿರುಗಿಸುವವರ ಮುಖದ ಹಾಗಾಗಿತ್ತು.

ರಾಶಿಗಳ ಫೈಲಿಗೆ ಬಂದಾಗ ಯಂತ್ರ ಎಡವಿತು. ‘ಇಪ್ಪತ್ತಾರು ಸ್ಪೇಸ್. ಮೂವತ್ತೊಂದು ಸ್ಪೇಸ್. ಮೂವತ್ಮೂರು ಸ್ಪೇಸ್…’

“ಏನೇ ಇದು? ಇಲ್ಲಿ ಓಡಿಸ್ಲಿಲ್ವಾ?”

“ವೃಶ್ಚಿಕ ಅತ್ತೆ. ನೀವು ಚೇಳಿನ ಹಾಗೆ ಬರೆದಿದ್ರಲ್ಲ. ಮುಟ್ಟೋಕೆ ಮನಸ್ಸು ಬರ್ಲಿಲ್ಲ. ಗುರುತು ಹಾಕಿ ಬಿಟ್ಟಿದೀನಿ.”

ಅತ್ತೆ ಯಂತ್ರವನ್ನು ನಿಲ್ಲಿಸಿದರು. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

“ಆಗಿನ ಯಂತ್ರ ಎಷ್ಟು ನಿಧಾನ ಗೊತ್ತಾ. ಒಂದು ರಾತ್ರಿ ಆಕಾಶ ತಯಾರಾಗೋ ಹೊತ್ತಿಗೆ ನನ್ನ ಊಟ ಆಗಿ, ನಿನ್ನ ಗಂಡನಿಗೆ ಸ್ವೆಟರ್ ತೋಳು ಹೆಣೆದು ಮುಗೀತಿತ್ತು. ಕಾಯ್ತಾ ಕೂತಾಗ ಬರೆದಿದ್ದು ಅದು. ಚೆನ್ನಾಗಿದ್ಯಾ ಇನ್ನೂ, ನೋಡೋಕೆ?”

“ಚೆನ್ನಾಗಿದೆ ಅತ್ತೆ.”

“ಕೈ ಕೊಡು.”

ಸೊಸೆ ಕೈ ಚಾಚಿದಳು. ಅತ್ತೆ ಅವಳ ಅಂಗೈಯಲ್ಲಿ ತಮ್ಮ ತೋರುಬೆರಳಿನಿಂದ ಒಂದೊಂದೇ ಚುಕ್ಕೆ ಇಡುತ್ತ ಬಂದರು. ಬೆರಳುಗಳ ಬುಡದಲ್ಲಿ ಇಕ್ಕಳದ ಕೈಗಳು, ನಡುವೆ ಮೈ, ಮಣಿಕಟ್ಟಿನ ಹತ್ತಿರ ಬಾಲ ತಿರುಗಿ ಸುರುಳಿಯಾಯಿತು. ಒಂದೂ ತಪ್ಪಲಿಲ್ಲ. ಕಚಗುಳಿಯಾದರೂ ಸೊಸೆ ಕೈ ಎಳೆದುಕೊಳ್ಳಲಿಲ್ಲ.

“ನನಗೆ ಇಲ್ಲಿದೆ. ನೀನೂ ನೋಡ್ಕೊಂಡಿದೀಯ. ಇನ್ನೊಂದ್ಸಲ ಕಣ್ತುಂಬ ನೋಡ್ಕೋ, ಆಮೇಲೆ ಆ ಗುರುತು ತೆಗೆದು ಓಡ್ಸು. ಇಲ್ಲಾಂದ್ರೆ ಪ್ರತಿ ಸಲಾನೂ ಈ ಚೇಳು ನನ್ನ ಕಿವೀಗೇ ಕುಟುಕತ್ತೆ.”

ಸೊಸೆ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಎರಡು ಗುರುತುಗಳನ್ನೂ ಅಳಿಸಿ ಆಜ್ಞೆ ಕೊಟ್ಟಳು. ಬಾಲ ಬಿಚ್ಚಿಕೊಂಡಿತು, ಅಂಕಿಗಳು ಅಂಚಿಗೆ ಸರಿದು ಒಂದರ ಕೆಳಗೊಂದು ನಿಂತವು. ಯಂತ್ರ ಅವನ್ನು ತಡೆಯಿಲ್ಲದೆ ಓದಿ ಮುಗಿಸಿತು. ಅತ್ತೆ ಆಗಲೇ ಮುಂದಿನ ಫೈಲಿಗೆ ಹೋಗಿದ್ದರು, ‘ಸಂಜೆ’ ಎಂಬ ಫೈಲಿಗೆ, ಮತ್ತು ಅವರ ಹುಬ್ಬು ಗಂಟಿಕ್ಕಿತ್ತು.

“ನಮ್ಮ ಸಂಜೆ ಸರಿ ಇಲ್ಲ ಕಣೆ.”

“ಅಂದ್ರೆ?”

“ಸೂರ್ಯ ಎಷ್ಟು ಕೆಳಗೋ ಬೆಳಕು ಅಷ್ಟು ಕಡಿಮೆ ಅಂತ ಒಂದೇ ಲೆಕ್ಕ ಹಾಕಿದೀನಿ. ಸಂಜೆ ಹಾಗಲ್ಲ. ಹೋಗ್ತೀನಿ ಅಂತ ಹೊರಟು ಬಾಗಿಲಲ್ಲಿ ನಿಂತು ಮಾತಾಡೋ ನೆಂಟರ ಹಾಗೆ ಅದು. ಹೋಯ್ತು ಅಂದ್ಕೊಂಡಾಗ ಒಂದ್ಸಲ ತಿರುಗಿ ಬೆಳಗತ್ತೆ. ನಾನು ದಿನಾ ಬಾಲ್ಕನೀಲಿ ಕೂರ್ತೀನಲ್ಲ. ಆಕಾರ ಕಾಣ್ದೇ ಇರೋವಾಗ ಬೆಳಕೊಂದೇ ತಾನೇ ನೋಡೋಕೆ ಉಳಿದಿರೋದು.”

ಆವತ್ತಿನಿಂದ ಮನೆಯಲ್ಲಿ ಹೊಸ ವ್ಯಾಪಾರ ಶುರುವಾಯಿತು. ಹೊತ್ತು ಇಳಿಯುವಾಗ ಅತ್ತೆ ಬಾಲ್ಕನಿಯ ಕುರ್ಚಿಯಲ್ಲಿ ಕೂತು ಆಕಾಶವನ್ನು ಪಕ್ಕದಿಂದ ನೋಡುವರು. ಕತ್ತಲಾದ ಮೇಲೆ ಒಳಗೆ ಬಂದು ಕೀಲಿಮಣೆಯನ್ನು ಸವರಿಕೊಂಡು ಬರೆಯುವರು. ಅವರು ಹೇಗೆ ಬರೆದರೂ ಚಿಂತೆಯಿರಲಿಲ್ಲ. ಸಾಲು ಓರೆಯಾಗಲಿ, ಎರಡು ಸಾಲು ಒಂದರಲ್ಲಿ ಒಂದು ಸಿಕ್ಕಿಕೊಳ್ಳಲಿ, ಕೊನೆಗೆ ಕಪ್ಪು ಕಿಟಕಿಯಲ್ಲಿ ಆಜ್ಞೆ ಬರೆದು ಎಂಟರ್ ಒತ್ತಿದರೆ ಎಲ್ಲ ತನ್ನ ಜಾಗಕ್ಕೆ ಹೋಗಿ ಕೂರುತ್ತಿತ್ತು. ಮತ್ತೆ ಕೇಳುವರು. ಸರಿಯಿಲ್ಲವೆಂದರೆ ಮತ್ತೆ ಬರೆಯುವರು. ಮಗ ಇಣುಕಿ, “ಅಮ್ಮ, ಊಟ” ಎಂದರೆ, “ಇರೋ, ಇನ್ನೂ ನೇರಳೆ ಬಣ್ಣ ಬಂದಿಲ್ಲ” ಎಂಬ ಉತ್ತರ ಬರುತ್ತಿತ್ತು.

ಬರೆದದ್ದು ಆಫೀಸಿಗೆ ಬಂದಾಗ ಯಾರು ಏನು ಬದಲಿಸಿದರೆಂಬ ಪರದೆಯಲ್ಲಿ ಹಸಿರು ಸಾಲುಗಳು ಕೆಲವೇ ಇದ್ದವು. ಬದಲಾದದ್ದು ಮಾತ್ರ. ಬಿಗಿ ಅದನ್ನು ಮೂಗಿನ ಮೇಲೆ ಬೆರಳಿಟ್ಟುಕೊಂಡು ಓದಿ, “ಸಂಜೆಗೆ ಇಷ್ಟು ತಿರುವಿದೆ ಅಂತ ಗೊತ್ತಿರ್ಲಿಲ್ಲ. ಯಾರು ಬರೆದಿದ್ದು?” ಎಂದರು. ಸೊಸೆ ಹೇಳಿದಾಗ, “ಬರೋಕೆ ಹೇಳು. ಕುರ್ಚಿ ಹಾಗೇ ಇದೆ” ಎಂದರು.

ಅತ್ತೆ ಬಂದರು. ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಸೊಸೆಯ ತೋಳು ಹಿಡಿದು, ಆ ಬಾಗಿದ ಗೋಡೆಯನ್ನು ಅಂಗೈಯಿಂದ ಸವರುತ್ತ ಗುಮ್ಮಟದೊಳಕ್ಕೆ ಬಂದು ಕೂತರು. ಸಾರ್ವಜನಿಕರ ಪ್ರದರ್ಶನಕ್ಕೆ ಇನ್ನೂ ಹೊತ್ತಿತ್ತು. ನಿರ್ದೇಶಕಿ, ಬಿಗಿ, ಸಡಿಲ, ಟಿಕೆಟಿನವನು, ನೆಲ ಒರೆಸುವವಳು ಎಲ್ಲರೂ ಅಲ್ಲಲ್ಲಿ ಒರಗಿದರು. ಸಡಿಲ ಚಾಲೂ ಮಾಡಿದ.

ಮೊದಲು ಬಿಸಿಲಿನ ಹಳದಿ. ಅದು ಗೋಡೆಯಂಚಿಗೆ ಜಾರಿ ತಾಮ್ರವಾಯಿತು. ಸೂರ್ಯ ಹೋದ. ಯಾರೋ ಹಳೆಯ ಅಭ್ಯಾಸದಿಂದ, ಇನ್ನು ಕತ್ತಲಾಗುತ್ತದೆಂದು ಕುರ್ಚಿಯನ್ನು ಸರಿಮಾಡಿಕೊಂಡರು. ಕತ್ತಲಾಗಲಿಲ್ಲ. ಬೆಳಕು ನಿಂತಿತು. ಎಲ್ಲಿಂದಲೋ ತೆಳ್ಳಗೆ ಒಂದು ನಸುಗೆಂಪು ಮೇಲಕ್ಕೆದ್ದು ಗುಮ್ಮಟದ ನೆತ್ತಿಯವರೆಗೂ ಹರಡಿತು. ಕೂತವರ ಮುಖಗಳ ಮೇಲೆ, ಮಡಿಲಲ್ಲಿಟ್ಟ ಕೈಗಳ ಮೇಲೆ ಅದು ಇಳಿದಾಗ ಎಲ್ಲರೂ ಒಂದೇ ಮನೆಯವರ ಹಾಗೆ ಕಂಡರು. ಆಮೇಲೆ ಅದೂ ತಣ್ಣಗೆ ನೇರಳೆಯಾಗಿ, ನೀಲಿಯಾಗಿ, ತಾನು ಹೋದದ್ದು ಯಾರಿಗೂ ತಿಳಿಯದ ಹಾಗೆ ಹೋಯಿತು.

ಅತ್ತೆ ಅಲುಗದೆ ಕೂತಿದ್ದರು. ಗುಮ್ಮಟದ ಬೆಳಕು ನಾಲ್ಕೂ ಕಡೆಯಿಂದ ಬರುತ್ತಿದ್ದದ್ದರಿಂದ ಅವರ ಕಣ್ಣಂಚಿನಲ್ಲಿ ಉಳಿದಿದ್ದ ನೋಟಕ್ಕೆ ಅದೆಲ್ಲ ಸಿಕ್ಕಿತ್ತು. ನಡುವಿನ ಬೂದಿ ಇದ್ದಲ್ಲೇ ಇತ್ತು. ಅದರ ಸುತ್ತ ಸಂಜೆ ಆಗುತ್ತಿತ್ತು.

“ನಕ್ಷತ್ರ ಬಂತಾ?” ಎಂದು ಪಿಸುಗುಟ್ಟಿದರು.

“ಒಂದು ಬಂತು ಅತ್ತೆ.”

“ಎಲ್ಲಿ?”

“ನಿಮ್ಮ ಎಡಗಡೆ, ಕೆಳಗೆ. ಈಗ ಅದರ ಪಕ್ಕ ಇನ್ನೊಂದು.”

“ಹೇಳ್ತಾ ಇರು.”

ಸೊಸೆ ಹೇಳುತ್ತ ಹೋದಳು. ಲೆಕ್ಕ ತಪ್ಪುವಷ್ಟು ನಕ್ಷತ್ರಗಳು ಬಂದ ಮೇಲೂ ನಿಲ್ಲಿಸಲಿಲ್ಲ. ಸುತ್ತ ಕೂತವರಲ್ಲಿ ಯಾರೂ ಕೆಮ್ಮಲಿಲ್ಲ, ಎದ್ದು ಹೋಗಲಿಲ್ಲ. ನೆಲ ಒರೆಸುವವಳಂತೂ ಬಕೆಟ್ಟನ್ನು ಮರೆತು ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು.

ಅಂದಿನಿಂದ ವಾರದಲ್ಲಿ ಕೆಲವು ದಿನ ಅತ್ತೆ ಆಫೀಸಿಗೆ ಬರತೊಡಗಿದರು. ಸಡಿಲ ಅವರ ಪಕ್ಕ ಕೂತು, ಕಿವಿಗೆ ಇನ್ನೊಂದು ತಂತಿ ಸಿಕ್ಕಿಸಿಕೊಂಡು, ಕೋಡನ್ನು ಕೇಳುವುದು ಹೇಗೆಂದು ಕಲಿಯುತ್ತಿದ್ದ. ಒಂದು ಬೆಳಗ್ಗೆ ಮನೆಯಿಂದ ಹೊರಟು ಬಸ್ಸಿಗೆ ಕಾಯುತ್ತಿರುವಾಗ ಅತ್ತೆ ಮುಖ ಮೇಲೆತ್ತಿ ನಿಂತರು. ಬೀದಿಯ ಮೇಲೆ ನೆರಳೊಂದು ನಿಧಾನವಾಗಿ ಸರಿದು ಹೋಯಿತು.

“ಮೋಡ ಇದ್ಯೇನೇ ನಮ್ಮಲ್ಲಿ?” ಎಂದು ಕೇಳಿದರು.

“ಎಲ್ಲಿ, ಪ್ರೋಗ್ರಾಮಲ್ಲಾ? ಇಲ್ಲ ಅತ್ತೆ. ಯಾರೂ ಬರೆದೇ ಇಲ್ಲ.”

“ಇಷ್ಟು ವರ್ಷ ಮೋಡಾನೇ ಇಲ್ದೆ ಆಕಾಶ ನಡೆಸಿದೀವಿ, ನೋಡು!” ಎಂದರು ಅತ್ತೆ, ಮತ್ತು ಬಸ್ಸು ಬಂದು ನಿಂತದ್ದನ್ನೂ ಗಮನಿಸದೆ, ಬೆರಳುಗಳನ್ನು ಮೆಲ್ಲನೆ ಅಲುಗಿಸತೊಡಗಿದರು.